ರೇಡಿಯೋದ ಮಾರಿ ಮ್ಯಾಲಿನ ಭಂಡಾರ

ಆ ರೇಡಿಯೋದ ಬಟ್ಟಿಗೆ ಯಾರೋ ಸೋಪು ಹಚ್ಚಿದ್ರು. ಮುಂದಿನ ಹಲಗಿ ಬಿಚ್ಚಿ ನನ್ನ ಮುಂದ ಇಟ್ಟ ಕೂಡಲೆ ಮೊದಲು ಕಣ್ಣಿಗೆ ಬಿದ್ದದ್ದು ಅದ. ಬುಡದ ಮೂಲ್ಯಾಗ ಅಂಗೈ ಅಗಲ, ಇಟ್ಟಂಗಿ ಬಣ್ಣದ ಕೆಂಪು. ಅರಿಶಿಣಕ್ಕ ಸೋಪು ತಾಕಿದ್ರ ಕೆಂಪಾಗತೈತಿ ಅನ್ನೂದು ಸೀರಿ ಒಗಿಯೂ ಎಲ್ಲಾ ಹೆಣಮಕ್ಕಳಿಗೂ ಗೊತ್ತು. ನನ್ನ ಪಿತ್ತ ನೆತ್ತಿಗೇರಿತು.

"ಯಾವ ಪುಣ್ಯಾತ್ಮರು ಇದನ್ನ ಒಗದವರು?" ಅಂದೆ.

ತಂದಾವ ಜಮಖಂಡಿ ರೇಡಿಯೋ ಮೇಸ್ತ್ರಿ. ಹಳೀ ವಾಲ್ವ್ ರೇಡಿಯೋ ರಿಪೇರಿ ಮಾಡಾವ ನನಗ ಗೊತ್ತಿದ್ದಂಗ ನಮ್ಮ ಕಡೆ ಇವನೊಬ್ಬನ ಉಳದಾನ. ಒಳಗಿನ ಯಂತ್ರ ತಾ ನೋಡ್ತಾನ, ಸ್ಪೀಕರ್ ಮುಂದ ಬಿಗಿದಿರೂ ಬಟ್ಟಿ ಹರದಿದ್ರ ಬನಹಟ್ಟಿಗೆ ನನ್ನ ಕಡೆ ತರ್ತಾನ. ನನ್ನ ಕಸಬು ರಫೂ. ಹರದ ಸೀರಿ, ಇಲಿ ಕಡದ ಶಾಲು, ಕಿಡಿ ಬಿದ್ದ ರೇಷ್ಮಿ, ಯಾವುದ ಇರಲಿ, ಎಳಿಗೆ ಎಳಿ ಕೂಡಿಸಿ ಕೊಡ್ತೀನಿ.

"ಬೈಬ್ಯಾಡ ಅಕ್ಕಾ," ಅಂದ ಮೇಸ್ತ್ರಿ. "ಅವರ ಮನಿ ಸೊಸಿ ಒರಸ್ಯಾಳ. ಹೊರಗಿನವರ ಕೈಯಾಗ ಹೊಲಸ ಸಾಮಾನ ಹೆಂಗ ಕೊಡೂದಂತ."

ಇದಕ್ಕೇನ ಅನ್ನೂದು. ನಮ್ಮ ಮಂದಿ ಡಾಕ್ಟರ್ ಕಡೆ ಹೋಗೂವಾಗೂ ಜಳಕಾ ಮಾಡಿ ಪೌಡರ್ ಹಚ್ಚಿಕೊಂಡು ಹೋಗವರು. ರಿಪೇರಿಗೆ ಕೊಡೂ ಮಿಕ್ಸರ್ ಸೈತ ತಿಕ್ಕಿ ತೊಳದು ಕೊಡ್ತಾರ. ನಾನೂ ಹಂಗ ಮಾಡಾಕಿನ, ಆದ್ರ ಸಿಟ್ಟು ಬಂದಾಗ ಅದು ನೆನಪಾಗೂದಿಲ್ಲ.

ರೇಡಿಯೋ ಲೋಕಾಪುರದ ಹತ್ತಿರದ ಒಂದು ಹಳ್ಳೀದು. ಕುರಿ ಸಾಕಿ ಹೊಲ ಮಾಡಿಕೊಂಡು ಬಂದ ಮನಿತನ, ಬೀರಪ್ಪನ ಒಕ್ಕಲು. ಯಜಮಾನರಿಗೆ ವಯಸ್ಸಾಗೇತಿ, ಗಂಟಲದ ಆಪರೇಶನ್ ಆಗಿ ದನಿ ಪೂರಾ ಹೋಗೇತಿ. ರೇಡಿಯೋ ಮೇಸ್ತ್ರಿ ಕೈಗೆ ಕೊಡೂವಾಗ ಮಗ, "ಬಟ್ಟಿ ಹೊಸಾದ ಹಾಕಿಬಿಡ್ರಿ" ಅಂದನಂತ. ಯಜಮಾನ್ರು ಎದ್ದು ಬಂದು, ಬಟ್ಟಿ ಮ್ಯಾಲ ಕೈ ಇಟ್ಟು, ಬ್ಯಾಡಂತ ತಲಿ ಅಲ್ಲಾಡಿಸಿದ್ರಂತ.

"ಮತ್ತೇನ ಮಾಡಬೇಕಂತ?" ಅಂದೆ.

"ಕೈಲೆ ಹಿಂಗ ಹಿಂಗ ಅಂದ್ರು." ಮೇಸ್ತ್ರಿ ಗಾಳ್ಯಾಗ ಕೈ ಬೀಸಿ ತೋರಿಸಿದ. "ಹೊಸಾದು ಬ್ಯಾಡ, ಇದನ್ನ ಝಾಡಿಸಿ ಸ್ವಚ್ಛ ಮಾಡ್ರಿ ಅಂದಿರಬೇಕು. ಬರೂ ಅಮಾಸಿಗೆ ಮನ್ಯಾಗ ಬೀರಪ್ಪನ ಪೂಜಿ ಐತಂತ, ಅಷ್ಟರಾಗ ಬೇಕಂತ."

ನಾ ಒಪ್ಪಿಕೊಂಡೆ. ಮಗ ಹೊಸಾದು ಹಾಕ್ರಿ ಅಂದಾಗ ಹಳೇದ ಇರಲಿ ಅನ್ನೂ ಮನಿಷ್ಯಾರು ನನ್ನ ಕಸಬಿಗೆ ಭಾಳ ಸಿಗೂದಿಲ್ಲ.

ಬಟ್ಟಿ ಛಲೋದಿತ್ತು. ಹತ್ತಿ ಹಾಸು, ಅದಕ್ಕ ಮಿಂಚೂ ನಕಲಿ ರೇಷ್ಮಿ ಹೊಕ್ಕು, ಗೋಧಿ ಬಣ್ಣದಾಗ ನಡುನಡುವ ಕಾಫಿ ಬಣ್ಣದ ಎಳಿ. ಮ್ಯಾಲಿನ ಅಂಚು ಮಾತ್ರ ಒಲಿ ಹೊಗಿಗೂ ಒಳಗಿನ ವಾಲ್ವಿನ ಕಾವಿಗೂ ಸುಟ್ಟು ಕರ್ರಗಾಗಿತ್ತು. ಬಲಗಡೆ ಒಂದು ಹರಕು ಬಾಯಿ ತಕ್ಕೊಂಡಿತ್ತು. ಅಲ್ಲಿಂದ ಒಂದು ಬಿಡಿ ಎಳಿ ಚಿಮಟಾದಾಗ ಹಿಡದು ಬಗ್ಗಿಸಿದೆ. ಒಣಾ ಶಾವಿಗಿ ಮುರದಂಗ ಲಟಕ್ಕಂತ ಮುರೀತು. ನಡುವ ಅಗಲಕ ಹಳದಿ ಹರಡಿತ್ತು. ವರ್ಷಾ ಪೂಜಿ ಮಾಡಿ ಅರಿಶಿಣ ಹಚ್ಚ್ಯಾರ ಅಂದುಕೊಂಡೆ. ಮಗ್ಗಕ್ಕ, ತಿಜೋರಿಗೆ, ಮೋಟರ್ ಸೈಕಲ್ಲಿಗೆ ಹಚ್ಚೂ ಮಂದಿ ರೇಡಿಯೋ ಬಿಡ್ತಾರೇನು.

ಮೊದಲನೇ ಕೆಲಸ ಧೂಳ. ಹಂತಾ ಬಟ್ಟಿ ಝಾಡಿಸಾಕ ಹೋದ್ರ ಕೈಯಾಗ ಎಳೀನ ಉಳೀತಾವ. ಮ್ಯಾಲ ಸೊಳ್ಳಿ ಪರದೇದ ತುಣುಕು ಹಾಸಿ, ಕಂಪ್ಯೂಟರ್ ಸ್ವಚ್ಛ ಮಾಡೂ ಸಣ್ಣ ಮಷೀನಿನ ಮೂತಿಗೆ ತೆಳು ಮಲ್‌ಬಟ್ಟಿ ಕಟ್ಟಿ, ಸ್ವಲ್ಪ ಎತ್ತರದಿಂದ ಧೂಳ ಹಗೂರಕ ಎಳಕೊಂಡೆ. ಮಲ್‌ಬಟ್ಟಿ ಮ್ಯಾಲ ಮೊದಲು ಕರೀ ಮಸಿ ಬಂತು. ಆಮ್ಯಾಲ ಹಳದಿ ಪುಡಿ ಬರಾಕತ್ತಿತು, ಬರಕೋತ ಹೋತು. ಒಂದೊಂದ ಸಲ ಮಲ್‌ಬಟ್ಟಿ ಬಿಚ್ಚಿ, ಪುಡಿ ಕಾಗದಕ್ಕ ಉದುರಿಸಿ ಪೊಟ್ಟಣ ಕಟ್ಟಿ ಇಟ್ಟೆ. ಇದು ನಮ್ಮಪ್ಪನ ಚಾಳಿ. ಮಗ್ಗದ ಮ್ಯಾಲಿಂದ ಸೀರಿ ಇಳಿಯೂ ಮಟ ಚಿಂದಿ ಎಳಿ ಸೈತ ಚೆಲ್ಲಗೊಡತಿರಲಿಲ್ಲ. ಏನ ಬೇಕಾಗತೈತೋ ಯಾರಿಗೆ ಗೊತ್ತು ಅನ್ನಾವ. ಅಪ್ಪ ಹೋಗಿ ಎಷ್ಟೋ ವರ್ಷಾತು, ಚಾಳಿ ನನ್ನ ಕೈಯಾಗ ಉಳದೈತಿ.

ಎರಡನೇ ಕೆಲಸ ಹಲಗಿಯಿಂದ ಬಟ್ಟಿ ಬಿಡಿಸೂದು. ಹಳೀ ಸರಸು ಹಾಕಿ ಅಂಟಿಸಿದ್ರು, ಕಲ್ಲಾಗಿತ್ತು. ಬಿಸಿನೀರಾಗ ಅದ್ದಿದ ಬಟ್ಟಿ ಹಿಂಡಿ, ಅಂಚಿಗಷ್ಟ ಇಟ್ಟು, ಸರಸು ಮೆತ್ತಗಾದಂಗ ಚಪ್ಪಟೆ ಕಡ್ಡೀಲೆ ಸರಿಸಬೇಕು. ಮೂರು ಬದಿ ಛಲೋ ಬಿಟ್ಟಿತು. ಬಿಟ್ಟಿತಲ್ಲ ಅಂತ ಹಿಗ್ಗಿನಾಗ ನಾಕನೇದಕ್ಕ ಸ್ವಲ್ಪ ಅವಸರ ಮಾಡಿದೆ. ಹರಕು ಚರ್ರಂತ ಒಂದು ಗೇಣು ಮುಂದ ಹೋತು. ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗಾತು. ಕಡ್ಡಿ ಒಗದು, ಅಂಗಳದಾಗ ಹೋಗಿ ಕುಂತೆ. ಆಜುಬಾಜು ಪಾವರಲೂಮ್ ಖಟಖಟ ಅನ್ನಾಕತ್ತಿದ್ವು, ನನ್ನ ಬಾಯಾಗ ಬಂದ ಬೈಗುಳ ಯಾರಿಗೂ ಕೇಳಲಿಲ್ಲ.

ಮಗ್ಗಲ ಮನಿ ಅಕ್ಕ ಬಂದು ನೋಡಿ, "ಗಂಜಿ ಹಾಕು, ಗಟ್ಟಿ ಆಗತೈತಿ" ಅಂದ್ಲು. ನೇಕಾರರ ಓಣ್ಯಾಗ ಎಲ್ಲಾ ರೋಗಕ್ಕೂ ಗಂಜೀನ ಔಷಧ. ಆದ್ರ ಗಂಜಿ ಹಾಕಿದ್ರ ಜಿರಳಿಗೆ ಊಟಾ ಬಡಿಸಿದಂಗ, ಮತ್ತ ಎಳಿ ನಡುವಿನ ಸಂದಿ ಮುಚ್ಚಿ ರೇಡಿಯೋದ ದನಿ ಉಸಿರು ಕಟ್ಟಿದಂಗ ಆಗತೈತಿ. ಮೇಸ್ತ್ರಿ ಇದೊಂದ ವಿಷಯದಾಗ ಖಡಕ್ ಅದಾನ. ಬಟ್ಟಿಗೆ ಬಾಯಿ ಹಚ್ಚಿ ಊದಿದ್ರ ಉಸಿರು ಆ ಕಡೆ ಬರಬೇಕು ಅಂತಾನ. ಅದಕ್ಕ ರಬಕವಿಯಿಂದ ಜಾಳಗಿ ರೇಷ್ಮಿ ತರಿಸಿ, ಬಣ್ಣಾ ಹಾಕಾವರ ಕಡೆ ಗೋಧಿ ಬಣ್ಣಾ ಮಾಡಿಸಿ, ಹಿಂದ ಆಸರಕ್ಕ ಇಟ್ಟು ಹೊಲಿಯೂದು ಅಂತ ಠರಾಯಿಸಿದೆ.

ಅದಕ್ಕ ಮೊದಲು ಹೊಲಸು ತಗೀಬೇಕಿತ್ತಲ್ಲ. ಹರಕಿನಾಗಿನ ಬಿಡಿ ಎಳಿಗಳ ಮ್ಯಾಲ ಒಂದೊಂದ ಹಚ್ಚಿ ನೋಡಿದೆ. ಅಂಟಳಕಾಯಿ ನೀರಿಗೆ ಮಸಿ ಬಿಟ್ಟಿತು, ಹಳದಿ ಬಿಡಲಿಲ್ಲ. ಸ್ಪಿರಿಟಿನಾಗ ಅದ್ದಿದೆ. ಹಳದಿ ಒಮ್ಮಿಗೇ ಸ್ಪಿರಿಟಿಗೆ ಇಳೀತು, ಎಳಿ ಹೊಸಾ ಗೋಧಿ ಕಾಳಿನಂಗ ಹೊರಗ ಬಂತು. ಎಷ್ಟು ಖುಷಿ ಆತಂದ್ರ ಮೇಸ್ತ್ರಿಗೆ ಫೋನ್ ಹಚ್ಚಿದೆ.

"ಹಳದಿ ಪೂರಾ ಹೋಗತೈತೋ. ನಾಳಿಗೆ ಮುಗಿಸ್ತೀನಿ."

"ಮುಗಸಬೇ, ನಿನ್ನ ಕೈಗೆ ಬಂಗಾರದ ಬಳಿ ಹಾಕಿಸ್ತೀನಿ," ಅಂದ. ಹಿಂಗ ಅವ ನನಗ ಭಾಳ ಬಳಿ ಹಾಕಿಸ್ಯಾನ.

ಮರುದಿನ ಹತ್ತಿ, ಹೀರೂ ಕಾಗದ, ಸ್ಪಿರಿಟ್ ಬಾಟ್ಲಿ ಎಲ್ಲಾ ಇಟ್ಟುಕೊಂಡು ಬೆಳಕಿಗೆ ಕುಂತೆ. ಅಂಚಿನಿಂದ ಸುರು ಮಾಡೂದು ಅಂತ ಅಂಚು ನೋಡಿದ್ರ, ಕೈ ನಿಂತಿತು. ಪೂಜಿ ಅರಿಶಿಣ ಬೆರಳಿಲೆ ಹಚ್ತಾರ, ಒಂದ ಕಡೆ ದಪ್ಪ ಕುಂದರತೈತಿ. ಅಡಗಿ ಅರಿಶಿಣ ಚೆಲ್ಲಿದ್ರ ಕೆಳಗ ಸೋರತೈತಿ. ಇದು ಎರಡೂ ಅಲ್ಲ. ನಡುವ ಗಟ್ಟಿ, ಸುತ್ತ ಚದುರಿ ಚದುರಿ ಸಣ್ಣ ಹನಿ ಹಂಗ ಹಾರಿತ್ತು. ಎದುರಿಗೆ ನಿಂತು ಯಾರೋ ಬೊಗಸೀಲೆ ಹೊಡದಂಗಿತ್ತು. ಮೇಸ್ತ್ರಿ ಗಾಳ್ಯಾಗ ಕೈ ಬೀಸಿ ತೋರಿಸಿದ್ದು ನೆನಪಾತು. ಝಾಡಿಸೂವಾಗ ಕೈ ಕೆಳಗ ಹೋಗತೈತಿ. ಅವನ ಕೈ ಮ್ಯಾಲ ಹೋಗಿತ್ತು.

ಸ್ಪಿರಿಟ್ ಬಾಟ್ಲಿ ಮುಚ್ಚಿಟ್ಟೆ. ಆತುರಗಾರಗ ಬುದ್ಧಿ ಮಟ್ಟ ಅಂತಾರ, ಹರಕಿನ ವಿಷಯದಾಗ ಒಮ್ಮೆ ಅದನ್ನ ಮಾಡಿ ತೋರಿಸಿದ್ದೆ. ಹಳದಿ ಮತ್ತ ಒಂದು ವಾರ ಬಿಟ್ಟು ತಗದ್ರೂ ಹೋಗತೈತಿ, ತಗದ ಮ್ಯಾಲ ಹಚ್ಚಾಕ ಬರೂದಿಲ್ಲ. ಕೇಳಿಕೊಂಡ ಬರೂದು ಅಂತ ಮಹಾಲಿಂಗಪುರದ ಬಸ್ಸು ಹಿಡದೆ. ಅಲ್ಲಿ ಸ್ಟ್ಯಾಂಡಿನಾಗ ಬೆಲ್ಲದ ಪೆಂಟಿ, ಮಂದಿ, ಧೂಳ ಎಲ್ಲಾ ದಾಟಿ ಮುಧೋಳಕ್ಕ, ಮುಧೋಳದಿಂದ ಲೋಕಾಪುರಕ್ಕ. ಮೇಸ್ತ್ರಿ ಅಲ್ಲಿ ಬಂದು ಕೂಡಿಕೊಂಡ. "ಒಂದು ಹಳದಿ ಕಲೆ ಸಲುವಾಗಿ ಊರಿಗೆ ಊರ ಅಲೀತಿಯಲ್ಲ," ಅಂತ ದಾರಿ ತುಂಬ ಗೊಣಗಿದ.

ಯಜಮಾನ್ರು ಪಡಸಾಲ್ಯಾಗ ಕಂಬಕ್ಕ ಆನಿಕೊಂಡು ಕುಂತಿದ್ರು. ಎತ್ತರದ ಮನಿಷ್ಯಾ, ಕೊರಳಿಗೆ ಒಂದು ಬಿಳಿ ವಸ್ತ್ರ ಸುತ್ತಿಕೊಂಡಿದ್ರು. ಅವರ ಅಕ್ಕ ಮಗ್ಗಲದಾಗ ಕುಂತು ಜ್ವಾಳ ಹಸನ ಮಾಡಾಕತ್ತಿದ್ರು. ನಾ ಫೋನಿನಾಗ ಬಟ್ಟೀದ ಫೋಟೋ ತೋರಿಸಿ, "ಈ ಹಳದಿ ಯಾವುದ್ರಿ?" ಅಂತ ಕೇಳಿದೆ.

ಅಕ್ಕಾರು ಫೋಟೋ ನೋಡಿ ಜ್ವಾಳದ ಮೊರ ಕೆಳಗಿಟ್ರು.

"ಇದು ನಮ್ಮವ್ವ ಹಾರಿಸಿದ ಭಂಡಾರವಾ," ಅಂದ್ರು. "ನನ್ನ ತಮ್ಮ ಡೊಳ್ಳಿನ ಪದ ಹಾಡ್ತಿದ್ದ. ಸುತ್ತ ಹಳ್ಳ್ಯಾಗೆಲ್ಲ ಕರೀತಿದ್ರು. ಒಮ್ಮೆ ರೇಡಿಯೋದವರು ಕರದು ಹಾಡಿಸಿಕೊಂಡ್ರು. ಅದು ಬರೂ ದಿನ ಓಣಿ ಮಂದೆಲ್ಲಾ ಇಲ್ಲೇ ಕುಂತಿದ್ರು. ಇಂವನೂ ಈ ಕಂಬಕ್ಕ ಹಿಂಗ ಆನಿಕೊಂಡು ಕುಂತಿದ್ದ. ರೇಡಿಯೋದಾಗ ಇವನ ದನಿ ಬಂತ ನೋಡು, ಅವ್ವ ಎದ್ದಾಕಿನ ದೇವರ ಮುಂದಿನ ತಾಟಿಗೆ ಕೈ ಹಾಕಿದ್ಲು. ಬೊಗಸಿ ತುಂಬ ತಗೊಂಡು, ಚಾಂಗಭಲೋ ಅಂತ ಜೈಕಾರ ಹಾಕಿ ದೇವರ ಪಾಲಕಿಗೆ ಹಾರಸತಾರಲ್ಲ, ಹಂಗ ರೇಡಿಯೋಕ್ಕ ಹಾರಿಸಿದ್ಲು."

ಭಂಡಾರ ಅಂದ್ರ ಬೀರಪ್ಪನ ಅರಿಶಿಣ. ಹಾರಿಸಿದ ಮ್ಯಾಲ ಅದು ಅಂಗಡ್ಯಾಗಿನ ಪುಡಿ ಅಲ್ಲ, ಪ್ರಸಾದ. ಹಣಿಗೆ ಹಚ್ಚಿಕೋತಾರ, ನಾಲಿಗಿ ಮ್ಯಾಲ ಇಟ್ಟುಕೋತಾರ.

"ಹಾಡಿದಾವ ಮಗ್ಗಲದಾಗ ಕುಂತಾನ, ಈಕಿ ಪೆಟಿಗಿಗೆ ಹಾರಸ್ಯಾಳ," ಅಂತ ಅಕ್ಕಾರು ನಕ್ರು. "ಇವನ ಮೈಮ್ಯಾಲ ಒಂದ ಚೂರೂ ಬೀಳಲಿಲ್ಲ. ನಾವೆಲ್ಲಾ ಎಷ್ಟು ನಕ್ಕಿವಿ."

ಯಜಮಾನ್ರೂ ನಕ್ರು. ದನಿ ಇಲ್ಲದ ನಗಿ, ಭುಜ ಅಷ್ಟ ಅಲ್ಲಾಡಿದ್ವು.

"ಆ ಹಾಡು ಟೇಪಿನಾಗ ಹಿಡದಿದ್ರೇನ್ರಿ?" ಅಂತ ಮೇಸ್ತ್ರಿ ಕೇಳಿದ.

"ಆಗ ನಮ್ಮ ಕಡೆ ಟೇಪ್ ಎಲ್ಲಿದ್ವು. ದನಿ ಇತ್ತು, ಯಾವಾಗ ಬೇಕಂದ್ರ ಹಾಡ್ತಿದ್ದ, ಹಿಡದು ಇಡಬೇಕು ಅಂತ ಯಾರಿಗೂ ಅನಸಲಿಲ್ಲ. ಈಗ ಆ ದಿನದ್ದು ಉಳದದ್ದು ಆ ಹಳದಿ ಒಂದ. ಅದಕ್ಕ ಅದರ ಮ್ಯಾಲ ಬಿಸಲ ಬೀಳಬಾರದಂತ ನಮ್ಮವ್ವ ತಾನ ಹೆಣದ ಮುಸುಕು ಹಾಕಿದ್ಲು, ಇಷ್ಟು ದಿನ ಹಂಗ ಇತ್ತು."

ಅರಿಶಿಣಾ ಬಿಸಲಿಗೆ ಹಾರಿಹೋಗತೈತಿ, ಇದು ಹೆಂಗ ಉಳೀತು ಅಂತ ನಾನೂ ವಿಚಾರ ಮಾಡಿದ್ದೆ. ಅಂಥಾದ್ದನ್ನ ನಾ ಒಂದು ಬಾಟ್ಲಿ ಸ್ಪಿರಿಟಿನಾಗ ಇಳಿಸಿ ಬಚ್ಚಲಕ್ಕ ಸುರೂವಾಕಿದ್ದೆ. ಯಜಮಾನ್ರು ನನ್ನ ಮಾರೀನ ನೋಡಾಕತ್ತಿದ್ರು. ಹೋತೇನು ಅಂತ ಕಣ್ಣಾಗ ಕೇಳಿದ್ರು. ಇಲ್ಲರೀ, ಐತ್ರಿ ಅಂದೆ. ಅವರು ಕಂಬಕ್ಕ ತಲಿ ಇಟ್ಟು ಕಣ್ಣು ಮುಚ್ಚಿಕೊಂಡ್ರು.

ಅಷ್ಟೊತ್ತಿಗೆ ಬಾಗಲದಾಗ ಸೊಸಿ ನಿಂತಿದ್ಲು. "ಸೋಪು ಹಚ್ಚಿದಾಕಿ ನಾನ್ರಿ," ಅಂದ್ಲು. "ನನಗ ಯಾರೂ ಹೇಳಿರಲಿಲ್ಲ. ಕೆಂಪಾದದ್ದು ನೋಡಿ ಮಾವ ಒಂದ ಮಾತ ಸೈತ, ಅಂದ್ರ ಕೈಲೇನೂ, ಏನೂ ಅನ್ನಲಿಲ್ಲ. ಬೈದಿದ್ರ ಛಲೋ ಇತ್ತು. ಅದು ಹೋಗತೈತೇನ್ರಿ?"

ಮೊದಲ ದಿನ ಅಕಿಗೆ ಬೈದ ಬೈಗುಳ ನನಗ ಒಂದೊಂದ ನೆನಪಾದ್ವು. "ಹೋಗೂದಿಲ್ಲವಾ, ತಿರಗತೈತಿ," ಅಂದೆ. "ಹುಳಿ ತಾಕಿದ್ರ ಮತ್ತ ಹಳದಿ ಆಗತೈತಿ. ಆಗೂ ಮಟ ನಾ ಕೆಲಸ ಮುಗೀತು ಅನ್ನೂದಿಲ್ಲ."

ವಾಪಸ್ ಬರೂವಾಗ ಬಸ್ಸಿನಾಗ ಪೊಟ್ಟಣ ನೆನಪಾತು. ಮಷೀನಿನಾಗ ಎಳದ ಪುಡಿ ಎಲ್ಲಾ ಅದರಾಗ ಇತ್ತು. ಏನೂ ಚೆಲ್ಲದಂಗ ಕಲಿಸಿದ ಅಪ್ಪನ್ನ ನೆನಸಿ ಸೀಟಿನಾಗ ಕುಂತಲ್ಲೇ ಕೈ ಮುಗದೆ. ಮಗ್ಗಲದಾಕಿ ಯಾವ ಗುಡಿ ಬಂತಂತ ಕಿಡಕ್ಯಾಗ ಹಣಿಕಿ ನೋಡಿದ್ಲು.

ಮೇಸ್ತ್ರಿಗೆ ನನ್ನ ಠರಾವು ಹಿಡಸಲಿಲ್ಲ. ಹಳದಿ ಮುಟ್ಟೂದಿಲ್ಲ, ಅದರ ಸುತ್ತಿನ ಮಸಿ ಅಷ್ಟ ತಗೀತೀನಿ ಅಂದೆ. "ಅರ್ಧಾ ಸ್ವಚ್ಛ ಅರ್ಧಾ ಕಲೆ ಕಂಡ್ರ ಮಂದಿ ನಗತಾರ, ಇದೇನ ರಿಪೇರಿ ಅಂತಾರ," ಅಂದ.

"ನಗಲಿ. ಅದನ್ನ ಹಾರಿಸಿದ ದಿನಾನೂ ಅವರ ಮನಿ ಮಂದಿ ನಕ್ಕಿದ್ರು."

ಹಳದಿ ಇಡಬೇಕಂದ್ರ ಬಟ್ಟಿ ಪೂರಾ ತೋಯಿಸೂ ಹಂಗಿಲ್ಲ, ಎಳಿ ನಡುವ ಉಳದ ಪುಡಿ ಸರೀತೈತಿ. ಹಿಂಗಾಗಿ ಸಲೀಸಾಗಿದ್ದ ಕೆಲಸ ನಾನಾಗೇ ಕಷ್ಟಾ ಮಾಡಿಕೊಂಡೆ. ಮೆತ್ತನ ರಬ್ಬರ್ ತುರದು, ಆ ತುರಿ ಮಸಿ ಮ್ಯಾಲ ಉದುರಿಸಿ, ಬೆರಳಿನ ತುದೀಲೆ ಸುಮ್ಮನ ಹೊಳ್ಳಿಸಿದ್ರ ತುರಿ ಕರ್ರಗಾಗತೈತಿ. ಅದನ್ನ ತಗದು ಮತ್ತ ಹೊಸಾ ತುರಿ. ಹಳದಿ ಹತ್ತಿರ ಬಂದಂಗ ಬೆರಳ ಬ್ಯಾಡಾಗಿ ಸಣ್ಣ ಕುಂಚ ಹಿಡದೆ. ಕಾಫಿ ಬಣ್ಣದ ಎಳಿ ಒಂದೊಂದ ಎದ್ದು ಬಂದ್ವು. ಮ್ಯಾಲಿನ ಸುಟ್ಟ ಅಂಚು ಪೂರಾ ತಿಳಿ ಆಗಲಿಲ್ಲ, ಆಗೂದೂ ಇಲ್ಲ. ಅದಕ್ಕ ಮತ್ತ ಕೈ ಹಚ್ಚಲಿಲ್ಲ.

ಕೆಂಪಿನ ಸಲುವಾಗಿ ಲಿಂಬಿಹಣ್ಣು ತಗೊಂಡಾಕಿ ಮತ್ತ ಇಟ್ಟೆ. ಲಿಂಬಿರಸ ಒಣಗಿದ್ರ ಜಿಗಟ ಉಳೀತೈತಿ, ಇರಿವಿ ಬರ್ತಾವ. ಗೋಬಿ ಮಂಚೂರಿ ಗಾಡಿಯವನ ಕಡೆ ಬಿಳಿ ವಿನಿಗರ್ ಇಸಕೊಂಡು ಬಂದೆ. ಬ್ಯಾಟರಿಗೆ ಹಾಕೂ ಭಟ್ಟೀ ಇಳಿಸಿದ ನೀರಾಗ ಅದನ್ನ ಇದ್ದೂ ಇಲ್ಲದಂಗ ತೆಳು ಮಾಡಿ, ಕೆಳಗೊಂದು ಹೀರೂ ಕಾಗದ ಇಟ್ಟು, ಕುಂಚದ ತುದೀಲೆ ಒಂದು ಹನಿ ಮುಟ್ಟಿಸಿದೆ. ಕೆಂಪಿನ ನಡುವ ಸಾಸಿವಿ ಕಾಳಿನಷ್ಟು ಹಳದಿ ತಿರುಗಿತು. ನಾ ಒಬ್ಬಾಕಿನ ಕುಂತು ಛಲೋ ಆತು, ಛಲೋ ಆತು ಅಂತ ಅಂದುಕೊಂಡೆ. ಆದ್ರ ಹುಳಿ ಎಳ್ಯಾಗ ಉಳದ್ರ ಮುಂದ ಎಳೀನ ತಿಂತೈತಿ, ಅದಕ್ಕ ತಿರುಗಿದ ಪ್ರತಿ ಚೂರಿಗೂ ಬರೇ ನೀರಿನ ಹನಿ ಮುಟ್ಟಿಸಿ ಕಾಗದಕ್ಕ ಹೀರಿಸಬೇಕಿತ್ತು. ಅಂಗೈ ಅಗಲದ ಜಾಗಾ ನನ್ನ ಕುತ್ತಿಗಿ ಮುರೀತು. ಮುಗದ ಮ್ಯಾಲ ಫೋಟೋ ತಗದು ಸೊಸಿಗೆ ಕಳಿಸಿದೆ. ಅಕಿ ಫೋನ್ ಮಾಡಿದ್ಲು, ಹಲೋ ಅಂದಾಕಿ ಅಳಾಕತ್ತಿದ್ಲು.

ಕಡೀಕ ಹೊಲಿಗಿ. ಗೋಧಿ ಬಣ್ಣದ ಜಾಳಗಿ ರೇಷ್ಮಿ ಹಿಂದ ಹಾಸಿ, ಕೂದಲಿನಂಥ ಒಂಟಿ ಎಳಿ ತಗೊಂಡು, ಹಳೀ ಎಳಿ ಚುಚ್ಚದಂಗ ಸಂದ್ಯಾಗಿಂದ ಸೂಜಿ ಹಾಯಿಸಿ ಹರಕಿನ ಬಾಯಿ ಕೂಡಿಸಿದೆ. ನಾ ಹೆಚ್ಚಿಗಿ ಮಾಡಿದ ಗೇಣೂ ಕೂಡೇತಿ, ಹತ್ತಿರ ಹೋಗಿ ನೋಡಿದವರಿಗೆ ಗೆರಿ ಕಾಣತೈತಿ. ಕಾಣಲಿ ಅಂತ ಬಿಟ್ಟೀನಿ. ಹೊಸಾ ಸರಸು ಹಚ್ಚಲಿಲ್ಲ, ಅಂಚಿಗೆ ಪಟ್ಟಿ ಹೊಲದು ಹಲಗಿ ಹಿಂದ ದಾರದಿಂದ ಬಿಗದೆ. ಮುಂದ ಯಾರರೆ ಬಿಚ್ಚಬೇಕಾದ್ರ ನನಗ ಬೈಬಾರದಲ್ಲ. ಮೇಸ್ತ್ರಿ ಬಂದು ಬಟ್ಟಿಗೆ ಬಾಯಿ ಹಚ್ಚಿ ಊದಿದ, ಹಿಂದ ಹಿಡದ ನನ್ನ ಅಂಗೈಗೆ ಉಸಿರು ಬಂತು. ಎರಡು ಹೆಜ್ಜಿ ಹಿಂದ ಸರದು ಹಳದಿ ಕಡೆ ನೋಡಿದ. "ಇರಲಿ ಬಿಡು, ಚಂದನ ಕಾಣತೈತಿ," ಅಂದ.

ಅಮಾಸಿ ದಿನ ಇಬ್ಬರೂ ರೇಡಿಯೋ ಒಯ್ದಿವಿ. ಪಡಸಾಲ್ಯಾಗ ಮೊದಲಿನ ಜಾಗಾದಾಗ, ಕಿಡಕಿ ಬಿಸಲ ಬೀಳದಂಗ, ಕಟ್ಟಿ ಮ್ಯಾಲ ಇಟ್ಟು ಮೇಸ್ತ್ರಿ ಸ್ವಿಚ್ ಹಾಕಿದ. ವಾಲ್ವ್ ನಿಧಾನಕ ಕಾದ್ವು. ಗುಂಯ್ ಅಂತು, ಖರಖರ ಅಂತು, ಆಮ್ಯಾಲ ಯಾವನೋ ಒಬ್ಬ ತೊಗರಿಗೆ ಬೀಳೂ ಹುಳದ ಬಗ್ಗೆ ಹೇಳಾಕತ್ತಿದ. ಮನಿ ಮಂದಿ ಅದನ್ನ ದೇವರ ಪದ ಕೇಳಿದಂಗ ಕೇಳಿದ್ರು. ಯಜಮಾನ್ರು ರೇಡಿಯೋದ ಮುಂದ ಕುಂತು ಬಟ್ಟೀದ ಅಂಚಿಗೆ ಎರಡು ಬೆರಳ ಇಟ್ರು. ಆಮ್ಯಾಲ ಸೊಸಿನ್ನ ಕರದು, ಕೆಂಪಿದ್ದ ಮೂಲಿ ತೋರಿಸಿ, ಅಕಿ ತಲಿ ಮ್ಯಾಲ ಕೈ ಇಟ್ರು.

ನಾ ಪೊಟ್ಟಣ ತಗದು ಕೊಟ್ಟೆ. "ಇದು ಬಟ್ಟಿ ಒಳಗ ಇದ್ದದ್ರಿ. ಮಸಿ ಕೂಡೇತಿ. ಆದ್ರ ಅವತ್ತಿಂದ ಐತಿ," ಅಂದೆ.

ಅವರು ಬಿಚ್ಚಿ ನೋಡಿದ್ರು. ಬಣ್ಣಾ ಕಂದಿದ ಪುಡಿ. ಕಣ್ಣಿಗೆ ಒತ್ತಿಕೊಂಡ್ರು. ಅಕ್ಕನ ಹಣಿಗೆ ಒಂದು ಚೂರು ಹಚ್ಚಿದ್ರು, ತಮ್ಮ ಹಣಿಗೂ ಹಚ್ಚಿಕೊಂಡ್ರು. ಆಮ್ಯಾಲ ಉಳದದ್ದೆಲ್ಲಾ ಬೊಗಸ್ಯಾಗ ಸುರುವಿಕೊಂಡು ಎದ್ದು ನಿಂತ್ರು. ಮೇಸ್ತ್ರಿ ಅಯ್ಯಯ್ಯ ಅಂತ ಎರಡೂ ಕೈ ಚಾಚಿ ರೇಡಿಯೋಕ್ಕ ಅಡ್ಡ ನಿಂತ. ಯಜಮಾನ್ರು ಅವನ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿ, ತುಟಿಯಷ್ಟ ಅಲ್ಲಾಡಿಸಿ ಚಾಂಗಭಲೋ ಅಂದು, ಬೊಗಸಿ ಎತ್ತಿ ನನ್ನ ಮ್ಯಾಲ ಹಾರಿಸಿದ್ರು.

ತಲಿ, ಮಾರಿ, ಪದರು ಎಲ್ಲಾ ಹಳದಿ. ಅಕ್ಕಾರು ನಕ್ಕೋತ ಕಣ್ಣೀರ ಒರಸಿಕೊಂಡ್ರು. "ಈ ಸಲ ನಮ್ಮ ತಮ್ಮ ಛಲೋ ನೋಡಿ ಹಾರಿಸ್ಯಾನ," ಅಂದ್ರು. ಪದರು ಚಾಚಿ ಮೈಮ್ಯಾಲಿನ ಪುಡಿ ಕೆಳಗ ಬೀಳದಂಗ ಹಿಡಕೊಂಡು ನಿಂತೆ.

ಆ ಸೀರಿ ಮಡಚಿ ಟ್ರಂಕಿನಾಗ ಇಟ್ಟೀನಿ, ಮ್ಯಾಲ ಹಳೀ ಬಟ್ಟಿ ಮುಸುಕು ಹಾಕಿ. ಮನ್ಯಾಗ ಎಲ್ಲಾರಿಗೂ ಹೇಳೀನಿ, ಅದಕ್ಕ ಯಾರೂ ಸೋಪು ಹಚ್ಚಬ್ಯಾಡ್ರಿ ಅಂತ.